ಅಟ್ಟದಿಂದ ಬಿದ್ದ ಬಂದೂಕು

"ಅಣ್ಣಾ, ಅದನ್ನ ಸಲೀಸು ಮಾಡ್ಬೇಡಿ. ನಿಮ್ ಕಾಲಿಗೆ ಬೀಳ್ತೀನಿ."

ನರಸಿಂಹಯ್ಯ ತಲೆಯೆತ್ತಿದರು. ಪೀಣ್ಯದ ಅವರ ಬಂದೂಕು ರಿಪೇರಿ ಅಂಗಡಿಯ ಬಾಗಿಲಲ್ಲಿ ಹೆಂಗಸೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು. ದೊಡ್ಡನೆಕ್ಕುಂದಿಯಿಂದ ಬಸ್ಸು ಬದಲಿಸಿಕೊಂಡು ಬಂದವಳು, ಹೆಸರು ರಾಮಮ್ಮ. ಅವಳ ಕಣ್ಣು ಮೇಜಿನ ಮೇಲಿದ್ದ ರೈಫಲನ್ನು ಬಿಟ್ಟು ಕದಲಲಿಲ್ಲ. ಹೋದ ವಾರ ಅದನ್ನು ತಂದುಕೊಟ್ಟವನು ಅವಳ ಗಂಡ ಸೊಣ್ಣಪ್ಪ. ರಾಗಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಅವನಪ್ಪನ ಕಾಲದಲ್ಲಿ ಮನೆಗೆ ಬಂದ ಬಂದೂಕು. ಹೊಲವೆಲ್ಲ ರಿಂಗ್ ರೋಡಿನ ಪಾಲಾದರೂ ಲೈಸೆನ್ಸು ಮಾತ್ರ ತಪ್ಪದೆ ರಿನ್ಯೂ ಆಗುತ್ತಿತ್ತು.

"ಅಟ್ಟದಿಂದ ಬಿತ್ತು, ಮರದ ಹಿಡಿ ಸೀಳ್ಬಿಡ್ತು. ಒಸಾದು ಆಕ್ಕೊಡಿ. ಗುಂಡಾಕೋ ಬೋಲ್ಟೂ ಅಂಟ್ಕೊಂತದೆ, ಒಂದೇ ಏಟ್ಗೆ ಬರೋ ಅಂಗೆ ಮಾಡಿ" ಎಂದಿದ್ದ ಸೊಣ್ಣಪ್ಪ. ನರಸಿಂಹಯ್ಯನವರಿಗೆ ಆಗಲೇ ಅನುಮಾನ ಬಂದಿತ್ತು. ಹಿಡಿಯ ಹಿಂತುದಿ ಜಜ್ಜಿಹೋಗಿ, ಸೀಳು ಅಲ್ಲಿಂದ ಉದ್ದಕ್ಕೆ ಓಡಿತ್ತು. ಬಿದ್ದ ಬಂದೂಕು ಹಾಗೆ ಸೀಳುವುದಿಲ್ಲ, ಯಾರೋ ನೆಟ್ಟಗೆ ಹಿಡಿದು ಕಲ್ಲಿಗೆ ಕುಟ್ಟಿರಬೇಕು. ಆದರೂ ಕೇಳಲಿಲ್ಲ. ಕೈಗೆ ಒಳ್ಳೆ ಕೆಲಸ ಸಿಕ್ಕಿತೆಂದರೆ ಬಾಯಿಗೆ ಬೀಗ ಹಾಕಿಕೊಳ್ಳುವ ಮನುಷ್ಯ ಅವರು.

"ಅಟ್ಟದಿಂದ ಬಿದ್ದಿಲ್ಲ ಅಣ್ಣ" ಎಂದಳು ರಾಮಮ್ಮ. "ಕಾಂಪೌಂಡ್ ಗೋಡೆ ವಿಷ್ಯಕ್ಕೆ ನಮ್ ಮೈದುನ ಆಂಜಿನಪ್ಪನ ಜೊತೆ ಜಗಳ ಆಯ್ತು. ಇವ್ರು ಒಳಗೋಗಿ ಇದನ್ನ ತಂದ್ರು. ಗುಂಡಾಕಕ್ಕೆ ಬೋಲ್ಟ್ ಎಳುದ್ರೆ ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ಸಿಟ್ಟಿಗೆ ಮೆಟ್ಲು ಕಲ್ಲಿಗೆ ಕುಟ್ಟಿದ್ರು, ಕುಟ್ಟಿದ್ರು... ಅಷ್ಟೊತ್ಗೆ ಜನ ಸೇರ್ಕೊಂಡ್ರು. ಆಮೇಲೆ ಇವ್ರೇ ಮೂಲೇಲಿ ಕೂತ್ಕೊಂಡು ಅತ್ರು."

"ಪೊಲೀಸರಿಗೆ ಹೇಳಮ್ಮ."

"ಹೇಳಿದ್ರೆ ಒಳಗೋಗೋದು ನನ್ ಗಂಡಾನೇ. ಆಚೆ ಬಂದ್ಮೇಲೆ ಸುಮ್ಕಿರ್ತಾರಾ? ನೀವು ಮಾಡಲ್ಲ ಅಂದ್ರೆ ಇನ್ನೊಬ್ರ ತಾವ ಹೋಗ್ತಾರೆ. ಅದು ಅಂಟ್ಕೊಳ್ಳೋದು ಅಂಗೇ ಇರ್ಲಿ ಅಣ್ಣ. ಅವ್ರ ಸಿಟ್ಟು ಹಾಲು ಉಕ್ದಂಗೆ, ಒಂದ್ ಗಳಿಗೆ ತಡುದ್ರೆ ಸಾಕು."

ನರಸಿಂಹಯ್ಯ ಮೇಜಿನ ಮೇಲಿನ ಬಂದೂಕನ್ನು ನೋಡಿದರು. ಬೋಲ್ಟಿನ ಕೆಲಸ ನಿನ್ನೆಯೇ ಮುಗಿದಿತ್ತು. ಕಬ್ಬಿಣ ಸವೆಸುವ ನುಣ್ಣನೆಯ ಪೇಸ್ಟು ಹಚ್ಚಿ ಉಜ್ಜಿ ಉಜ್ಜಿ, ಈಗದು ಒಂದೇ ಬೆರಳಿಗೆ ಬೆಣ್ಣೆಯಂತೆ ಜಾರುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿ ಬೀಗಿದ್ದೂ ಆಗಿತ್ತು. ಉಜ್ಜಿ ತೆಗೆದ ಕಬ್ಬಿಣವನ್ನು ಮತ್ತೆ ಮೆತ್ತಲು ಯಾವ ಮೇಸ್ತ್ರಿಗೆ ಬರುತ್ತದೆ? ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗದೆ, "ಆಯ್ತು ತಾಯಿ, ಹೋಗಿ ಬಾ" ಎಂದುಬಿಟ್ಟರು.

ಉಳಿದದ್ದು ಮರದ ಕೆಲಸ. ಕಬ್ಬಿಣಕ್ಕೆ ಮಸಿ ಬಳಿದು ಬೀಟೆ ಮರಕ್ಕೆ ಒತ್ತಿ, ಮಸಿ ಅಂಟಿದ ಕಡೆ ಮಾತ್ರ ಕೆರೆದು, ಕೂದಲೂ ತೂರದ ಹಾಗೆ ಹೊಸ ಹಿಡಿಯನ್ನು ಕೂರಿಸಿದರು. ಇನ್ನು ಬೋಲ್ಟಿನ ಹ್ಯಾಂಡಲ್ ಬಂದು ಕೂರುವ ಕಡೆ ಮರದಲ್ಲೊಂದು ಕಚ್ಚು ಕಡಿಯಬೇಕಿತ್ತು. ಅದು ತುಸು ಸಡಿಲವಿರಬೇಕು, ಇಲ್ಲದಿದ್ದರೆ ಬೋಲ್ಟು ಎಷ್ಟೇ ನುಣುಪಾಗಿದ್ದರೂ ಮರ ಹ್ಯಾಂಡಲನ್ನು ಏಳಗೊಡುವುದಿಲ್ಲ. ಅವರು ಉಳಿ ಎತ್ತಿಕೊಂಡರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಕೊನೆಗೆ ಕಚ್ಚನ್ನು ಬಿಗಿಯಾಗಿಯೇ ಬಿಟ್ಟರು. ಅಂಥ ಚೆಂದದ ಮರಕ್ಕೆ ಬೇಕೆಂದೇ ಕೆಟ್ಟ ಕೆಲಸ ಮಾಡಿದೆನಲ್ಲ ಎಂದು ಅವರು ಮರುಗಿದರು.

ಸೊಣ್ಣಪ್ಪ ಬಂದು ಹೊಸ ಹಿಡಿಯನ್ನು ಸವರಿ ಹಿಗ್ಗಿದ. ಬೋಲ್ಟ್ ಎತ್ತಲು ಹೋದ, ಏಳಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ ಮೇಲೆ ಕಿರುಗುಟ್ಟುತ್ತ ಬಂತು.

"ಏನ್ ಸ್ವಾಮಿ, ಮೊದ್ಲಿಗಿಂತ ಕಡೆ ಆಗೋಯ್ತಲ್ಲ?"

"ಹೊಸ ಮರ ಅಲ್ವಾ ಸೊಣ್ಣಪ್ಪನವರೇ, ಪಳಗ್ಬೇಕು."

"ನಿಮ್ಗೂ ವಯಸ್ಸಾಯ್ತು ಬುಡಿ" ಎಂದು ಗೊಣಗುತ್ತ ಅವನು ಬಂದೂಕು ಎತ್ತಿಕೊಂಡು ಹೋದ. ತಮ್ಮ ಕೆಲಸಕ್ಕೆ ಇಂಥ ಮಾತನ್ನು ನರಸಿಂಹಯ್ಯ ಯಾವತ್ತೂ ಕೇಳಿರಲಿಲ್ಲ.

ಅಂದಿನಿಂದ ಅವರ ನೆಮ್ಮದಿ ಹಾರಿಹೋಯಿತು. ಪೇಪರು ಕೈಗೆ ಬಂದರೆ ಮೊದಲು ಹುಡುಕುತ್ತಿದ್ದದ್ದು ಕೊಲೆ ಸುದ್ದಿ. ದೊಡ್ಡನೆಕ್ಕುಂದಿ ಎಂಬ ಹೆಸರು ಕಂಡರೆ, ಅದು ಫ್ಲಾಟ್ ಮಾರಾಟದ ಜಾಹೀರಾತಾದರೂ ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಮರ ಬಿಸಿಲಿಗೆ ಒಣಗಿ ಕಚ್ಚು ಸಡಿಲವಾಗಿಬಿಟ್ಟರೆ? ಒಳಗಿನ ಬೋಲ್ಟು ಬೆಣ್ಣೆ. ಬೆಣ್ಣೆ ಮಾಡಿದ್ದು ತಾವೇ. ಅನ್ನದ ತಟ್ಟೆಯ ಮುಂದೆ ಕೂತರೂ ಇದೇ ಯೋಚನೆ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಸೊಣ್ಣಪ್ಪ ಮತ್ತೆ ಬಂದ. ಗಡ್ಡ ಬೆಳೆದಿತ್ತು. ಮುಖ ಕೊಟ್ಟು ಮಾತಾಡದೆ, ಚೀಲ ಬಿಚ್ಚಿ ಬಂದೂಕನ್ನು ಮೇಜಿನ ಮೇಲಿಟ್ಟ. ಬೀಟೆ ಹಿಡಿಯ ಹಿಂತುದಿ ಜಜ್ಜಿಹೋಗಿತ್ತು. ಸೀಳು ಅಲ್ಲಿಂದ ಉದ್ದಕ್ಕೆ ಓಡಿತ್ತು.

"ಅಟ್ಟದಿಂದ ಬಿತ್ತು" ಎಂದ.

ನರಸಿಂಹಯ್ಯ ಸೀಳಿನ ಮೇಲೆ ಬೆರಳಾಡಿಸಿದರು. "ಮನೇಲಿ... ಅಣ್ಣತಮ್ಮಂದಿರು... ಎಲ್ಲಾ ಚೆನ್ನಾಗಿದ್ದಾರಾ?"

"ಅವ್ರಿಗೇನು, ಎಲ್ಲಾ ಗುಂಡ್ಕಲ್ಲಂಗವ್ರೆ."

ಹಾಗಾದರೆ ಈ ಸಲವೂ ಬೋಲ್ಟು ಎದ್ದಿರಲಿಲ್ಲ. ತಾವೇ ಕೆರೆದು ಕೂರಿಸಿದ ಮರ ಹೋಳಾಗಿ ಬಿದ್ದಿರುವುದನ್ನು ಕಂಡು ನರಸಿಂಹಯ್ಯನವರಿಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು.

"ಇನ್ನೊಂದು ಆಕ್ಕೊಡಿ. ಯಾವಾಗ್ ಬರ್ಲಿ?"

"ಇದಕ್ಕೆ ಕೂರೋಂಥ ಮರ ಈಗ ಎಲ್ಲೂ ಸಿಗ್ತಿಲ್ಲ ಸೊಣ್ಣಪ್ಪನವರೇ. ಸಿಗೋವರೆಗೂ ಬಂದೂಕು ಇಲ್ಲೇ ಇರಲಿ" ಎಂದರು ನರಸಿಂಹಯ್ಯ, ಗೋಡೆಗೆ ಒರಗಿಸಿಟ್ಟಿದ್ದ ಬೀಟೆ ಹಲಗೆ ಕಾಣದಂತೆ ಅದಕ್ಕೆ ಬೆನ್ನು ಕೊಟ್ಟು ನಿಂತು.