ಅತಿಥಿ ಹೊಗಳಿದರೆ ಕೊಡಬೇಕು

“ಬೇಗ ಇಳಿಸಪ್ಪಾ, ದಿಬಿರ್ ಅಜ್ಜನ ಜೀಪು ತಿರುವಿಗೆ ಬಂತು!”

ಹಾಜಿಯಾವ್ ಕೊನೆಯ ಕತ್ತಿಯನ್ನೂ ಗೋಡೆಯಿಂದ ತೆಗೆದು ಮಂಚದ ಕೆಳಗೆ ತಳ್ಳಿದ. ಮಗಳು ಪರಿಜಾ ನಗುನಗುತ್ತಲೇ ಕಂಬಳಿ ಇಳಿಬಿಟ್ಟು ಮರೆಮಾಡಿದಳು. ಒಟ್ಟು ಹದಿನೇಳು ಶಾಷ್ಕಾಗಳು. ಕೊಸಾಕ್ ಸವಾರರು ಕಟ್ಟುತ್ತಿದ್ದಂಥ, ಹಿಡಿಗೆ ಅಡ್ಡಪಟ್ಟಿಯಿಲ್ಲದ ಬಾಗು ಕತ್ತಿಗಳು. ಒರೆಯಿಂದ ಗೇಣುದ್ದ ಎಳೆದರೆ ಸಾಕು, ಅಲಗು ಅಮುಜ್ಗಿ ಹಳ್ಳಿಯದೋ ಚೆಚೆನ್ ಕಡೆಯದೋ, ಬೆಳ್ಳಿಯ ಕುಸುರಿ ಕುಬಾಚಿ ಹಳ್ಳಿಯದೋ ತೆರೆಕ್ ನದಿ ದಂಡೆಯದೋ ಎಂದು ಹಾಜಿಯಾವ್ ಹೇಳಿಬಿಡುತ್ತಿದ್ದ.

ಒಂದೂ ಅವನು ಕೊಂಡದ್ದಲ್ಲ. ದಾಗೆಸ್ತಾನದ ಬೆಟ್ಟಗಳಲ್ಲಿ ಅತಿಥಿ ಹೊಗಳಿದ್ದನ್ನು ಮನೆಯವರು ಕೊಟ್ಟುಬಿಡಬೇಕು. ಹಾಜಿಯಾವ್ ಊರೂರಿಗೆ ಅತಿಥಿಯಾಗಿ ಹೋದ, ಬಾಯ್ತುಂಬ ಹೊಗಳಿದ, ಅಷ್ಟೇ.

ಹೋದ ತಿಂಗಳು ಪರಿಜಾಳೇ ಸುದ್ದಿ ತಂದಿದ್ದಳು: ಮೇಲಿನ ಹಳ್ಳಿಯ ದಿಬಿರನ ಮನೆಯಲ್ಲಿ ಹಳೇ ಶಾಷ್ಕಾ ಇದೆಯಂತೆ. ಹಾಜಿಯಾವ್ ಮರುದಿನವೇ ಹೊರಟ.

“ಆಹಾ, ಅಮುಜ್ಗಿ ಅಲಗು, ಕುಬಾಚಿ ಬೆಳ್ಳಿ! ಇಂಥದ್ದು ನಾನು ಕಂಡೇ ಇಲ್ಲ!”

ಮುದುಕ ದಿಬಿರ್ ಗೋಡೆಯಿಂದ ತೆಗೆದುಕೊಟ್ಟ. “ನಾನೂ ಒಂದಿನ ನಿಮ್ಮನೆಗೆ ಬರ್ತೀನಪ್ಪ” ಎಂದ.

ಈಗ ಬಂದೇಬಿಟ್ಟ, ಹಲ್ಲಿನ ಡಾಕ್ಟರಾದ ಮೊಮ್ಮಗನ ಜೊತೆ. ಬೋಳು ಗೋಡೆಯನ್ನೇ ದಿಟ್ಟಿಸಿದ.

“ಸುಣ್ಣ ಹೊಡೆಸ್ಬೇಕು ಅಂತ...” ಹಾಜಿಯಾವ್ ತೊದಲಿದ.

“ಒಳ್ಳೇದು. ಮನೇಲಿ ಶುಭಕಾರ್ಯ ಇದ್ದಾಗ ಹೊಡೆಸ್ತಾರೆ.”

ಬಿಸಿ ಖಿಂಕಾಲ್ ಕಡುಬು ಬಂತು, ಮಾಂಸ ಬಂತು, ಬೆಳ್ಳುಳ್ಳಿ ಗೊಜ್ಜು ಬಂತು. ಮುದುಕ ಎರಡೆರಡು ಸಲ ಬಡಿಸಿಕೊಂಡು ತಿಂದ. ಯಾವುದನ್ನೂ ಹೊಗಳಲಿಲ್ಲ. ಗೆದ್ದೆ ಅಂದುಕೊಂಡ ಹಾಜಿಯಾವ್.

ಮುದುಕ ಕೈತೊಳೆದು ಟೋಪಿ ಸರಿಮಾಡಿಕೊಂಡ. “ಎಂಥಾ ಮಗಳಪ್ಪ ನಿಂದು! ಇಂಥ ಹುಡುಗೀನ ನಾನು ಕಂಡೇ ಇಲ್ಲ.”

ಹಾಜಿಯಾವ್ ಥಟ್ಟನೆ ಮೊಮ್ಮಗನತ್ತ ನೋಡಿದ. ಬಂದ ಸಂಬಂಧಗಳನ್ನೆಲ್ಲ ಹೊಸ್ತಿಲಲ್ಲೇ ತಿರುಗಿಸಿ ಕಳಿಸಿದ್ದ ಅಪ್ಪ ಅವನು. ತಾಯಿಯಿಲ್ಲದ ಮಗಳು, ಅವಳೂ ಹೊರಟರೆ ಈ ಮನೆಯಲ್ಲಿ ಉಳಿಯುವುದು ಕಬ್ಬಿಣ ಮಾತ್ರ.

“ಮಗಳು ಕತ್ತಿಯಲ್ಲ ಯಜಮಾನ್ರೇ, ಎತ್ತಿ ಕೊಡೋಕೆ! ಬೇಕಾದ್ರೆ ಅವಳನ್ನೇ ಕೇಳಿ” ಎಂದ ಧೈರ್ಯವಾಗಿ. ಅಪ್ಪನನ್ನು ಬಿಟ್ಟು ಅವಳೆಲ್ಲಿ ಹೋದಾಳು?

ಪರಿಜಾ ಚಹಾದ ತಟ್ಟೆ ಕೆಳಗಿಟ್ಟಳು. ಕೆನ್ನೆ ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ.

“ಡಾಕ್ಟರು ನನ್ನನ್ನ ಕೇಳಿ ವರ್ಷ ಆಯ್ತಪ್ಪಾ, ನಾನು ಒಪ್ಪಿಯೂ ಆಯ್ತು. ನಿಮ್ಮ ಅಟ್ಟದಲ್ಲಿರೋ ಕತ್ತೀನ ಗೋಡೆಗೆ ಹಾಕಿ, ನಮ್ಮಪ್ಪ ತಾವಾಗೇ ಬರ್ತಾರೆ ಅಂತ ಅಜ್ಜನಿಗೆ ಹೇಳಿಕೊಟ್ಟೋಳೂ ನಾನೇ.”