ನೀರಿನ ಪಥ್ಯ

ವರ್ಷಗಳಿಂದ ಮಲ ಕಟ್ಟಿ ಹೊಟ್ಟೆ ಕಲ್ಲಾಗಿ ಒದ್ದಾಡುತ್ತಿದ್ದ ಚಿಕ್ಕತಾಯಮ್ಮ, ತಾನು ಹೊಲಿಗೆ ಕೆಲಸ ಮಾಡುವ ಗಾರ್ಮೆಂಟ್ಸ್‌ಗೆ ಬಂದ ಆಹಾರತಜ್ಞೆಯ ಮುಂದೆ ಕೂತಳು.

“ಸೊಪ್ಪು, ಮುದ್ದೆ ಎಲ್ಲಾ ತಿಂತೀರಿ. ನೀರು ಯಾಕಮ್ಮ ಕುಡಿಯಲ್ಲ?”

“ಕುಡಿದ್ರೆ ಎದ್ದು ಹೋಗ್ಬೇಕಲ್ಲವ್ವ. ಸೂಪರ್‌ವೈಸರಪ್ಪ ಬಿಡಲ್ಲ.”

ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರ್ ನಕ್ಕ. “ಪಾಯಿಖಾನೆಲಿ ಕೂರೋಕೆ ಸಂಬಳ ಕೊಡ್ತೀವಾ? ಮಾತ್ರೆ ಕೊಡಿ ಮೇಡಂ.”

“ಮಾತ್ರೆ ಬೇಡ. ಇವರಿಗೆ ಗಂಗಮ್ಮನೇ ಮದ್ದು,” ಎಂದಳು ಆಕೆ, ಅವನ ಮುಖವನ್ನೇ ನೋಡುತ್ತ.

ಮಾರನೆಯ ದಿನ ಚಿಕ್ಕತಾಯಮ್ಮ ಗಂಗಮ್ಮನನ್ನು ನೆನೆದು ಬಾಟಲಿಯ ನೀರನ್ನೆಲ್ಲ ಗಟಗಟನೆ ಕುಡಿದಳು. ಕೊಂಚ ಹೊತ್ತಿಗೆ ಮಿಷನ್ ನಿಲ್ಲಿಸಿ ಎದ್ದಳು.

“ಎದ್ದು ಹೋದ್ರೆ ನಾಳೆಯಿಂದ ಬರ್ಬೇಡ,” ಎಂದ ಸೂಪರ್‌ವೈಸರ್.

“ಹೊಟ್ಟೆಪಾಡಿಗೇ ಬಂದಿದ್ದು ಕಣಪ್ಪ. ಆ ಹೊಟ್ಟೇನೇ ಕೊಂದ್ಕೊಳಕ್ಕಾಯ್ತದಾ?”

ಅವಳು ಪಾಯಿಖಾನೆಯತ್ತ ಹೊರಟಳು. ಮಿಷನ್ನುಗಳ ಸದ್ದು ಒಂದೊಂದಾಗಿ ಅಡಗಿತು; ತಾವೂ ಕುಡಿದು ಖಾಲಿ ಮಾಡಿದ ಬಾಟಲಿಗಳನ್ನು ಮೇಜಿನ ಮೇಲಿಟ್ಟು ಇಡೀ ಸಾಲೇ ಅವಳ ಹಿಂದೆ ಹೊರಟಿತು.