ಮೊಂಬಾಸಾದ ಯಜಮಾನ

ಹೊಸದಾಗಿ ಬಾಡಿಗೆಗೆ ಬಂದ ಹೆಮೆದಿ ಕುರ್ಚಿ ಹತ್ತಿ ಹಜಾರದ ಕರೆಂಟು ಮೀಟರಿಗೆ ಮೂಗು ತೂರಿಸಿದ್ದು ಕಂಡ ಕೂಡಲೇ ಝುವೇನಾ ಕೈಲಿದ್ದ ಪೊರಕೆ ಬಿಟ್ಟು ಓಡಿ ಬಂದಳು. ಬಂದು ಎರಡು ದಿನ ಆಗಿಲ್ಲ, ಹುಡುಗ ಆಗಲೇ ಮನೆಯ ಮೂಲೆ ಮೂಲೆ ಜಾಲಾಡುತ್ತಿದ್ದ.

"ಅಲ್ಲೇನಪ್ಪ ಹುಡುಕ್ತಿದೀಯ?"

"ತಂತಿ ಸುಟ್ಟಿದೆ ದೊಡ್ಡಮ್ಮ. ಆರು ಕೋಣೆಗೂ ಇದೊಂದೇ ಮೀಟರು. ಬೆಂಕಿ ಹತ್ತಿದ್ರೆ ಎಲ್ಲರೂ ಜೊತೆಯಾಗೇ ಹೋಗ್ತೀವಿ." ನಗುತ್ತ ಕೆಳಗಿಳಿದ. "ಯಜಮಾನರಿಗೆ ಹೇಳೋದು ಯಾರು?"

"ನಾನೇ. ಮೊಂಬಾಸಾಕ್ಕೆ ಫೋನ್ ಮಾಡ್ತೀನಿ."

ಟಾಂಗಾ ಊರಿನ ಹದಿನಾರನೆಯ ಬೀದಿಯ ಆ ಮನೆಯಲ್ಲಿ ಹಾಗೆಯೇ ನಡೆದುಬಂದಿತ್ತು. ಯಜಮಾನ ಗಡಿಯಾಚೆ ಮೊಂಬಾಸಾದಲ್ಲಿ, ಮುಖ ಕಂಡವರಿಲ್ಲ. ಬಾಡಿಗೆ, ದೂರು, ದುರಸ್ತಿ, ಎಲ್ಲವೂ ಮೊದಲ ಕೋಣೆಯ ವಿಧವೆ ಝುವೇನಾಳ ಮೂಲಕ. ಉಳಿದಂತೆ ಅವಳೂ ಸರದಿ ಬಂದಾಗ ಅಂಗಳ ಗುಡಿಸುತ್ತಿದ್ದಳು, ಬಚ್ಚಲು ತೊಳೆಯುತ್ತಿದ್ದಳು, ಎಲ್ಲರ ಜೊತೆ ಕೂತು ಯಜಮಾನನಿಗೆ ಶಾಪ ಹಾಕುತ್ತಿದ್ದಳು.

ಶಾಪ ಹಾಕುವುದರಲ್ಲಿ ಮೀನು ಕರಿದು ಮಾರುವ ಟುಮುವಿನಮ್ಮನನ್ನು ಮೀರಿಸುವವರಿರಲಿಲ್ಲ. "ತಗಡು ಸೋರ್ತಿದೆ! ಆ ಜಿಪುಣನ ತಲೆ ಮೇಲೆ ತೆಂಗಿನಕಾಯಿ ಬೀಳ!" ಎಂದು ಝುವೇನಾಳ ಕಿಟಕಿಯ ಕೆಳಗೇ ಕೂತು ಕೂಗುವಳು.

"ಬೀಳಲಿ, ಬೀಳಲಿ," ಎಂದು ಝುವೇನಾ ಒಳಗಿನಿಂದ ದನಿಗೂಡಿಸುವಳು. ವಾರದೊಳಗೆ ಹೊಸ ತಗಡು ಬರುತ್ತಿತ್ತು.

ಬಂದರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಮೆದಿ ಮಾತ್ರ ಯಾರಿಗೂ ಶಾಪ ಹಾಕಲಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕ ಜಡಿದ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟರೆ ಹೊಗೆಯೇ ಜೀವ ತೆಗೆಯುತ್ತದೆ ಎಂದು ಟುಮುವಿನಮ್ಮನ ಒಲೆಯನ್ನು ತಾನೇ ಹೊತ್ತು ಜಗಲಿಗೆ ತಂದ. ತನ್ನ ಸರದಿಯಲ್ಲದ ದಿನವೂ ಬಚ್ಚಲು ತೊಳೆದ. ಅದನ್ನು ಕಂಡ ಮೇಲಂತೂ ಝುವೇನಾ ಟುಮುವಿನಮ್ಮನ ಒಲೆಯ ಬಳಿ ಹೋಗಿ ಕೂತಳು.

"ಯಾರ ಕಡೆಯವನೋ ಇವನು," ಎಂದಳು.

"ಯಜಮಾನನ ಗೂಢಚಾರ ಇರಬೇಕು ಬಿಡಕ್ಕ." ಟುಮುವಿನಮ್ಮ ಬಾಣಲೆಯಲ್ಲಿ ಮೀನು ಮಗುಚಿದಳು. "ನಿನಗ್ಯಾಕೆ ಭಯ? ನೀನೇನು ಬಚ್ಚಿಟ್ಟಿದೀಯ?"

ಝುವೇನಾ ಒಲೆಗೆ ಇನ್ನಷ್ಟು ಇದ್ದಿಲು ಹಾಕಿದಳು.

ಶುಕ್ರವಾರದ ನಮಾಜು ಮುಗಿದಿತ್ತು. ಬೀದಿಯ ಹತ್ತು ಮನೆಗಳಿಗೆ ಮುಖ್ಯಸ್ಥನಾಗಿ ಯಾವ ಮನೆ ಯಾರದೆಂಬ ಲೆಕ್ಕ ಇಟ್ಟಿದ್ದ ರಜಬು ತಾತನ ಜಗಲಿಯಲ್ಲಿ ಹೆಮೆದಿ ಕೂತಿದ್ದ. ತಾತ ಅವನ ಕಿವಿಯಲ್ಲಿ ಏನೋ ಹೇಳಿ ಬೊಚ್ಚುಬಾಯಿ ತುಂಬ ನಗುತ್ತಿದ್ದ. ಬೀದಿಯಲ್ಲಿದ್ದ ಝುವೇನಾ ಅದನ್ನು ಕಂಡವಳೇ ಕೋಣೆಗೆ ಬಂದು ಕೂತಳು. ಹೆಮೆದಿ ಹಿಂದೆಯೇ ಬಂದ.

"ಬಾಡಿಗೆ ತಂದಿದೀನಿ ದೊಡ್ಡಮ್ಮ. ತಡವಾಯ್ತು, ಬೇಜಾರು ಮಾಡ್ಕೋಬೇಡಿ. ಮನೆ ಯಾರದು ಅಂತ ವಿಚಾರಿಸದೆ ದುಡ್ಡು ಬಿಚ್ಚಬೇಡ ಅಂತ ಅಮ್ಮ ಹೇಳಿ ಕಳಿಸಿದ್ಲು. ಸುಳ್ಳು ಯಜಮಾನರನ್ನ ನಂಬಿ ಬೀದಿಗೆ ಬಿದ್ದವರಿದಾರಂತೆ."

"ರಜಬು ಏನಂದ?"

"ಮೊಂಬಾಸಾದಲ್ಲಿ ಯಾರೂ ಇಲ್ಲ ಅಂದ್ರು."

ಝುವೇನಾ ಎದ್ದು ಬಾಗಿಲು ಮುಂದೆ ಮಾಡಿದಳು.

"ಮನೆ ನಿಮ್ಮದೇ ಅಂತೆ," ಎಂದ ಹೆಮೆದಿ ಮೆಲ್ಲಗೆ.

ಅವಳು ಅವನ ಎದುರಿಗೆ ಬಂದು ಕೂತಳು. "ನನ್ನ ಗಂಡ ಕಟ್ಟಿಸಿದ್ದು," ಎಂದಳು. "ಅವರು ಹೋದ ಮೇಲೆ ಬಾಡಿಗೆಗೆ ಕೊಟ್ಟೆ. ಆಗ ಇದ್ದವರು ನಾನು ಅಂಗಳಕ್ಕೆ ಬಂದ್ರೆ ಮಾತು ನಿಲ್ಲಿಸೋರು. ಸಲಾಂ ಹೊಡೆಯೋರು, ಜೊತೇಲಿ ಉಣ್ತಿರ್ಲಿಲ್ಲ. ಅವರೆಲ್ಲ ಖಾಲಿ ಮಾಡಿದ ಮೇಲೆ ಆ ಮೊಂಬಾಸಾದವನನ್ನ ಹುಟ್ಟಿಸಿದೆ. ಹೋದ ವರ್ಷ ಮಲೇರಿಯಾ ಬಂತು ನೋಡು, ಟುಮುವಿನಮ್ಮ ಜ್ವರ ಇಳಿಯೋವರೆಗೂ ನನ್ನ ತಲೆ ಮಡಿಲಲ್ಲಿಟ್ಕೊಂಡು ಗಂಜಿ ಕುಡಿಸಿದ್ಲು. ಮನೆ ಯಜಮಾನಿಗೆ ಯಾರಪ್ಪ ಹಾಗೆ ಕುಡಿಸ್ತಾರೆ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರಿಗೂ ಹೇಳಬೇಡ ಮಗ. ಗೊತ್ತಾದ್ರೆ ನಾನು ಮತ್ತೆ ಒಂಟಿ."

ಹೆಮೆದಿ ತಲೆ ಕೆರೆದುಕೊಂಡ. ನಗು ಬರುತ್ತಿತ್ತು, ತಡೆದುಕೊಂಡ.

"ಹೇಳೋಣ ಅಂದ್ರೂ ಯಾರಿಗೆ ಹೇಳ್ಲಿ ದೊಡ್ಡಮ್ಮ? ಈ ಮನೆಗೆ ಬಂದ ಒಬ್ಬೊಬ್ಬರೂ ಬಾಡಿಗೆ ಕೊಡೋ ಮುಂಚೆ ರಜಬು ತಾತನ ಹತ್ರ ಹೋಗಿ ಇದನ್ನೇ ಕೇಳಿದಾರಂತೆ. ಟುಮುವಿನಮ್ಮ ಎಲ್ಲರಿಗಿಂತ ಮೊದಲು."